ಹಾರಲು ಬಾರದ ಸೂಪರ್‌ಮ್ಯಾನ್

ನಾನು ಬಲ್ಲ ಸೂಪರ್‌ಮ್ಯಾನ್ 1978ರ ಸಿನಿಮಾದವನು: ನಗುಮೊಗದವನು, ಆಕಾಶದಲ್ಲಿ ತೇಲುವವನು. ಅದೇ ಗುಂಗಿನಲ್ಲಿ, ಹಳೆಯ ಕಥೆಗಳನ್ನು ಪ್ರಕಟವಾದ ಕ್ರಮದಲ್ಲೇ ಮರುಮುದ್ರಿಸಿದ 'ಸೂಪರ್‌ಮ್ಯಾನ್ ಕ್ರಾನಿಕಲ್ಸ್'ನ ಮೊದಲ ಸಂಪುಟ ಹಿಡಿದೆ. ಅಲ್ಲಿ ಸಿಕ್ಕವನೇ ಬೇರೆ. 1938ರ ಈ ವೀರನಿಗೆ ಹಾರಲು ಬಾರದು. ಮೈಲಿಯ ಎಂಟನೆಯ ಒಂದು ಭಾಗದಷ್ಟು ನೆಗೆಯಬಲ್ಲ, ಅಷ್ಟೆ. ಆದರೆ ಸಿಟ್ಟಿಗೆ ಬರವಿಲ್ಲ.

ಮೊದಲ ಕಥೆಯಲ್ಲೇ ಹೆಂಡತಿಯನ್ನು ಹೊಡೆಯುವವನೊಬ್ಬನನ್ನು ಗೋಡೆಗೆ ಅಪ್ಪಳಿಸುತ್ತಾನೆ. 'ಆ್ಯಕ್ಷನ್ ಕಾಮಿಕ್ಸ್'ನ ಮೂರನೆಯ ಸಂಚಿಕೆಯಲ್ಲಂತೂ, ಕಾರ್ಮಿಕರ ಸುರಕ್ಷತೆಗೆ ದುಡ್ಡು ಬಿಚ್ಚದ ಗಣಿ ಮಾಲೀಕನನ್ನು, ಔತಣಕ್ಕೆ ಬಂದ ಅತಿಥಿಗಳ ಸಮೇತ, ಅವನದೇ ಗಣಿಯೊಳಗೆ ಸಿಕ್ಕಿಸುತ್ತಾನೆ. ಔತಣದ ಉಡುಪಿನಲ್ಲೇ ಅವರು ಮಣ್ಣು ಅಗೆದು ಬಸವಳಿಯುವ ಚಿತ್ರಗಳನ್ನು ನೋಡುತ್ತ ನನಗೆ ಖುಷಿಯಾಯಿತು, ಒಪ್ಪಿಕೊಳ್ಳುತ್ತೇನೆ. ಎಂಟನೆಯ ಸಂಚಿಕೆಯಲ್ಲಿ ಸರ್ಕಾರ ಹೊಸ ಮನೆ ಕಟ್ಟಿಕೊಡಲೆಂದು ಕೊಳೆಗೇರಿಯನ್ನೇ ಕೆಡವುತ್ತಾನೆ! ಇದು ನ್ಯಾಯವೋ ಪುಂಡಾಟವೋ ಎಂದು ಕಥೆ ತಲೆ ಕೆಡಿಸಿಕೊಳ್ಳುವುದಿಲ್ಲ. ಆ ಒರಟುತನವೇ ನನಗೆ ಹಿಡಿಸಿದ್ದು.

ಒಂದೇ ಪಟ್ಟಿಗೆ ಕೂತು ಓದಿದರೆ ಬೇಸರವೂ ಬರುತ್ತದೆ. ತಿಂಗಳಿಗೊಂದರಂತೆ ಓದಲು ಬರೆದವು ಇವು. ಶುಸ್ಟರನ ಮುಖಗಳೆಲ್ಲ ಒಂದೇ ಅಚ್ಚು. ಮುಂದೆ ನಾಯಕನಿಗೆ ಹಾರಾಟ ಬಂತು, ಲೋಕವನ್ನೇ ನುಂಗುವ ಖಳರು ಬಂದರು. ಗಣಿ ಮಾಲೀಕರು ಬಚಾವಾದರು.

ಇವನನ್ನು ಸೃಷ್ಟಿಸಿದ ಕ್ಲೀವ್‌ಲ್ಯಾಂಡಿನ ಹುಡುಗರು ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಹಕ್ಕನ್ನು ಮಾರಿದ್ದು 130 ಡಾಲರಿಗೆ. ಹೋರಾಡಿ ವರ್ಷಾಶನ ಪಡೆಯುವ ಹೊತ್ತಿಗೆ 1975 ಬಂದಿತ್ತು. ಅದನ್ನು ತಿಳಿದ ಮೇಲೆ ಗಣಿಯ ಕಥೆಯನ್ನು ಇನ್ನೊಮ್ಮೆ ತೆರೆದು ಓದಿದೆ.