ಮಂಡಿ ಮಡಚಿದರೆ ಸಾಲದು

ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರನ್ನು ನೋಡಲು ಹೋದವರೆಲ್ಲ ಕೇಳುವುದು ಒಂದೇ: ‘ಈಗ ಎಷ್ಟು ಮಡಚೋಕೆ ಆಗುತ್ತೆ?’ ಫಿಸಿಯೋ ಬಂದರೆ ಅವರ ಬಾಯಲ್ಲೂ ತೊಂಬತ್ತು, ನೂರು, ನೂರಹತ್ತು ಎಂಬ ಡಿಗ್ರಿಗಳದೇ ಮಾತು. ಜಾಹೀರಾತುಗಳಲ್ಲಂತೂ ರೋಗಿ ಆಪರೇಷನ್ ಆದ ದಿನವೇ ವಾಕರ್ ಹಿಡಿದು ನಡೆಯುತ್ತಾರೆ. ಬೇಗ ಎದ್ದು ನಡೆಯುವುದು ಒಳ್ಳೆಯದೇ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಅದರಿಂದ ಕಡಿಮೆಯಾಗುತ್ತದೆ. ಆದರೆ ಚೇತರಿಕೆಯನ್ನು ಅಳೆಯುವ ಈ ಎರಡು ಅಳತೆಗೋಲುಗಳಿಗೂ ಯೋಗ್ಯತೆ ಮೀರಿದ ಮರ್ಯಾದೆ ಸಂದಿದೆ. ಅದು ಸಲ್ಲಬೇಕಾಗಿದ್ದುದು ಕಾಲು ಪೂರ್ತಿ ನೆಟ್ಟಗಾಗುವುದಕ್ಕೆ.

ಸಮತಟ್ಟಾದ ನೆಲದಲ್ಲಿ ನಡೆಯಲು ಮಂಡಿ ಸುಮಾರು 65 ಡಿಗ್ರಿ ಮಡಚಿದರೆ ಸಾಕು, ಮೆಟ್ಟಿಲಿಗೂ ಕುರ್ಚಿಯಿಂದ ಏಳುವುದಕ್ಕೂ 90ರ ಆಸುಪಾಸು. ಬಹುಪಾಲು ಜನ ಇದನ್ನು ತಲುಪುತ್ತಾರೆ. ನೆಟ್ಟಗಾಗುವ ಕಡೆ ಹತ್ತು ಡಿಗ್ರಿ ಉಳಿದುಬಿಟ್ಟರೆ ಕತೆಯೇ ಬೇರೆ. ನೆಟ್ಟಗಿನ ಮಂಡಿಯ ಮೇಲೆ ನಾವು ಹೆಚ್ಚು ಶ್ರಮವಿಲ್ಲದೆ ನಿಲ್ಲುತ್ತೇವೆ. ಅರೆಮಡಚಿದ ಮಂಡಿಯ ಮೇಲೆ ನಿಂತರೆ ತೊಡೆಯ ಮುಂಭಾಗದ ಸ್ನಾಯು ಒಂದು ಗಳಿಗೆಯೂ ಬಿಡುವಿಲ್ಲದೆ ದುಡಿಯಬೇಕು. ಆ ಸ್ನಾಯುವಾದರೋ ಶಸ್ತ್ರಚಿಕಿತ್ಸೆಯ ನಂತರದ ಮೊದಲ ತಿಂಗಳಲ್ಲಿ ಅರ್ಧದಷ್ಟು ಬಲ ಕಳೆದುಕೊಂಡಿರುತ್ತದೆ. ಕಾರಣ ಬರೀ ಗಾಯವಲ್ಲ, ಬಾವು ಇರುವವರೆಗೆ ನರಗಳು ಅದನ್ನು ಪೂರ್ತಿ ಬಿಗಿಯಲು ಬಿಡುವುದಿಲ್ಲ. ಹೀಗೆ ಕುಂಟು ಉಳಿಯುತ್ತದೆ, ಸೊಂಟ ನೋಯುತ್ತದೆ, ಇನ್ನೊಂದು ಮಂಡಿಯ ಮೇಲೆ ಭಾರ ಬೀಳುತ್ತದೆ.

ಇದಕ್ಕೆ ಇರುವ ಅಭ್ಯಾಸ ಅತಿ ಸರಳ, ಬಹುಶಃ ಅದಕ್ಕೇ ನಿರ್ಲಕ್ಷಿತ. ಅಂಗಾತ ಮಲಗಿ, ಸುತ್ತಿದ ಟವೆಲನ್ನು ಹಿಮ್ಮಡಿಯ ಕೆಳಗಿಡಬೇಕು. ಮೀನಖಂಡವೂ ಮಂಡಿಯ ಹಿಂಭಾಗವೂ ಹಾಸಿಗೆಗೆ ತಾಗಬಾರದು. ಕಾಲಿನ ಭಾರವೇ ಮಂಡಿಯನ್ನು ಕೆಳಕ್ಕೆ ಇಳಿಸುತ್ತದೆ. ಇಲ್ಲಿ ಗಮನಿಸಬೇಕಾದ್ದು ಪಾದ. ನೋವಾದೊಡನೆ ಅದು ತಾನಾಗಿ ಹೊರಕ್ಕೆ ಹೊರಳುತ್ತದೆ, ಹೊರಳಿದ ಕ್ಷಣವೇ ಮಂಡಿ ತುಸು ಮಡಚಿಕೊಂಡು ಎಳೆತ ತಪ್ಪಿಸಿಕೊಳ್ಳುತ್ತದೆ. ಬೆರಳುಗಳು ಸೂರಿನತ್ತಲೇ ಇರಬೇಕು. ಆಮೇಲೆ ತೊಡೆ ಬಿಗಿದು, ಮಂಡಿಯನ್ನು ಕೆಳಕ್ಕೊತ್ತಿ, ಐದು ಎಣಿಸಿ ಸಡಿಲಿಸಬೇಕು, ಉಸಿರು ಕಟ್ಟಬಾರದು. ಸ್ನಾಯುವಿಗೆ ಬಲ, ಕೀಲಿಗೆ ನೇರ, ಎರಡೂ ಒಂದೇ ಅಭ್ಯಾಸದಲ್ಲಿ ಒದಗುತ್ತವೆ. ಇಷ್ಟು ಮಾಡಿದವರು ರಾತ್ರಿ ಹಿತವೆಂದು ಮಂಡಿಯ ಕೆಳಗೆ ದಿಂಬಿಟ್ಟು ಮಲಗಿದರೆ ಹಗಲಿನ ದುಡಿಮೆ ನೀರುಪಾಲು. ಪ್ರೀತಿಯಿಂದ ಆ ದಿಂಬು ಇಡುವವರು ಮನೆಯವರೇ. ಬಾವು ಇಳಿಯಲೆಂದು ಕಾಲು ಎತ್ತರಿಸಬೇಕಾದರೆ ದಿಂಬು ಹಿಮ್ಮಡಿಯ ಕಡೆ ಇರಲಿ.

ಮಡಚುವ ಮೋಹಕ್ಕೆ ಯಂತ್ರವೂ ಒದಗಿಬಂತು. ಕೆನಡಾದ ರಾಬರ್ಟ್ ಸಾಲ್ಟರ್ 1970ರ ದಶಕದಲ್ಲಿ ರೂಪಿಸಿದ ವಿಚಾರದ ಮೇಲೆ ಬೆಳೆದ ಸಿಪಿಎಂ (ಕಂಟಿನ್ಯುಯಸ್ ಪ್ಯಾಸಿವ್ ಮೋಷನ್) ಯಂತ್ರ ಮಲಗಿದವರ ಕಾಲನ್ನು ತಾನೇ ಮಡಚಿ ಬಿಡಿಸುತ್ತದೆ. ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದ 2014ರ ಕಾಕ್ರೇನ್ ವಿಮರ್ಶೆಗೆ ಕಂಡ ಲಾಭ ಎರಡು ಡಿಗ್ರಿಯಷ್ಟು ಮಾತ್ರ. ಆ ಯಂತ್ರವನ್ನು ಬಾಡಿಗೆಗೆ ತರುವ ಹಣದಲ್ಲಿ ಫಿಸಿಯೋ ಮನೆಗೆ ಬರಬಹುದು.

ಇನ್ನು ಮಂಡಿ ಬದಲಾವಣೆಯೇ ದೊಡ್ಡ ದಂಧೆ ಎಂದು ಬರೆಯುವವರ ಮಾತು. ಬೇಡದವರಿಗೂ ಶಸ್ತ್ರಚಿಕಿತ್ಸೆ ಮಾಡುವುದನ್ನು ನಾನೂ ಒಪ್ಪೆ. ಆದರೆ ಇವರ ಲೇಖನಗಳು ಇಂಪ್ಲಾಂಟಿನ ಬೆಲೆಯಲ್ಲೇ ಸಿಕ್ಕಿಕೊಂಡಿವೆ. 2017ರ ಆಗಸ್ಟ್‌ನಲ್ಲಿ ಕೇಂದ್ರದ ಬೆಲೆ ನಿಯಂತ್ರಣ ಪ್ರಾಧಿಕಾರ ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ 54,720 ರೂಪಾಯಿಯ ಮಿತಿ ಹಾಕಿತು. ಜನಕ್ಕೆ ಉಪಕಾರವಾಯಿತು, ನಿಜ. ಆದರೆ ಲೋಹ ಅಗ್ಗವಾದ ಮಾತ್ರಕ್ಕೆ ಕಾಲು ನೆಟ್ಟಗಾಗುವುದಿಲ್ಲ. ಆಸ್ಪತ್ರೆಯ ಪ್ಯಾಕೇಜಿನಲ್ಲಿ ಮನೆಯ ಫಿಸಿಯೋ ಖರ್ಚು ಸಾಮಾನ್ಯವಾಗಿ ಸೇರಿರುವುದಿಲ್ಲ ಎಂಬುದನ್ನು ಈ ಟೀಕಾಕಾರರು ಯಾಕೆ ಪ್ರಶ್ನಿಸುವುದಿಲ್ಲ? ನೋವು ತಿಂದಷ್ಟೂ ಒಳ್ಳೆಯದು ಎಂದು ಉಪದೇಶಿಸುವವರದು ಇದಕ್ಕಿಂತ ಕೆಟ್ಟ ವಾದ. ಬಲವಂತದಿಂದ ಮಡಚಿದರೆ ಬಾವು ಏರುತ್ತದೆ, ಬಾವು ಏರಿದರೆ ತೊಡೆ ಮತ್ತಷ್ಟು ಸೋಲುತ್ತದೆ.

ಡಿಸ್ಚಾರ್ಜ್ ದಿನ ‘ಎಷ್ಟು ಮಡಚುತ್ತದೆ’ ಎಂದು ಕೇಳುವ ಮೊದಲು ‘ಪೂರ್ತಿ ನೆಟ್ಟಗಾಗುತ್ತದೆಯೇ’ ಎಂದು ಕೇಳಿ. ಆ ಉತ್ತರವನ್ನು ಡಿಗ್ರಿಯಲ್ಲಿ ಬರೆಸಿಕೊಂಡೇ ಮನೆಗೆ ಬನ್ನಿ.