ಹಿಂತೆಗೆತದ ಎರಡು ಬಗೆ

ಬರೆದುದನ್ನು ಹಿಂತೆಗೆದುಕೊಳ್ಳುವುದು ವಿದ್ವಾಂಸನಿಗೆ ಅವಮಾನವೆಂದು ಹಲವರು ಬಗೆಯುವುದುಂಟು. ನಮಗೆ ಹಾಗೆ ತೋರದು. ಆಧಾರವು ತಪ್ಪೆಂದು ಕಂಡ ಮೇಲೆ ಮಾತನ್ನು ಮರಳಿ ಪಡೆಯುವುದು ಶಾಸ್ತ್ರಧರ್ಮವೇ ಸರಿ. ಆದರೆ ಹಿಂತೆಗೆತಗಳೆಲ್ಲವೂ ಒಂದೇ ಬಗೆಯವಲ್ಲ.

ಲಂಡನ್ನಿನ ವೈದ್ಯಪತ್ರಿಕೆ ‘ಲ್ಯಾನ್ಸೆಟ್’ 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರ ಲೇಖನವೊಂದನ್ನು ಪ್ರಕಟಿಸಿತು. 12 ಮಕ್ಕಳ ಪರೀಕ್ಷೆಯನ್ನು ಮುಂದಿಟ್ಟುಕೊಂಡು, ದಡಾರ ಮೊದಲಾದವುಗಳ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಶಂಕೆಯನ್ನು ಅದು ಹುಟ್ಟಿಸಿತು. ಮಕ್ಕಳನ್ನು ಆಯ್ದ ಬಗೆ, ಪರೀಕ್ಷೆಗೆ ಪಡೆದ ಅನುಮತಿ ಇವುಗಳ ಕುರಿತ ಹೇಳಿಕೆಗಳು ಸುಳ್ಳೆಂದು ವಿಚಾರಣೆಯಿಂದ ಸ್ಥಿರಪಟ್ಟ ಮೇಲೆ, 2010ರಲ್ಲಿ ಪತ್ರಿಕೆಯು ಕಾರಣಸಹಿತವಾಗಿ ಲೇಖನವನ್ನು ಹಿಂತೆಗೆದುಕೊಂಡಿತು. ಅದನ್ನು ಅಳಿಸಲಿಲ್ಲ, ಹಿಂತೆಗೆದುದೆಂಬ ಮುದ್ರೆಯೊತ್ತಿ ಎಲ್ಲರ ಕಣ್ಣೆದುರಿಗೇ ಉಳಿಸಿತು.

ಕನ್ನಡದಲ್ಲಿ ನಡೆದುದು ಬೇರೆ. ಎಂ. ಎಂ. ಕಲಬುರ್ಗಿಯವರು ತಮ್ಮ ಸಂಶೋಧನ ಲೇಖನಗಳ ಸಂಕಲನವಾದ ‘ಮಾರ್ಗ’ದ ಮೊದಲ ಸಂಪುಟದಲ್ಲಿ, ವಚನಗಳನ್ನು ಆಧರಿಸಿ ಬಸವಣ್ಣನವರ ಕುಟುಂಬದ ವಿಷಯವಾಗಿ ಕೆಲವು ಊಹೆಗಳನ್ನು ಮಾಡಿದ್ದರು. ಪ್ರತಿಭಟನೆಯೆದ್ದಿತು, ಬೆದರಿಕೆಗಳೂ ಬಂದವು. 1989ರಲ್ಲಿ ಅವರು ಆ ಮಾತುಗಳನ್ನು ಹಿಂತೆಗೆದುಕೊಂಡರು. ಮನೆಮಂದಿಯ ಪ್ರಾಣ ಉಳಿಸಲು ಹಾಗೆ ಮಾಡಿದುದಾಗಿಯೂ, ಅಂದು ತಮ್ಮ ಬೌದ್ಧಿಕ ಆತ್ಮಹತ್ಯೆಯಾಯಿತೆಂದೂ ಮುಂದೆ ಹೇಳಿಕೊಂಡರು.

ಆ ಊಹೆಗಳು ಒಪ್ಪತಕ್ಕವೆಂದು ನಾವು ವಾದಿಸುತ್ತಿಲ್ಲ. ವಚನದ ನುಡಿಯಿಂದ ವಚನಕಾರರ ಮನೆಯ ಸಂಗತಿಯನ್ನು ತೀರ್ಮಾನಿಸಹೊರಡುವುದು ಜಾರುವ ನೆಲದ ಮೇಲಣ ನಡಿಗೆ. ಆದರೆ ಪಾಠಾಂತರ, ಕಾಲನಿರ್ಣಯ, ಇತರ ವಚನಗಳ ಸಾಕ್ಷ್ಯ ಇವನ್ನು ಒಡ್ಡಿ ಅವನ್ನು ಖಂಡಿಸಬೇಕಾಗಿತ್ತು. ಬೆದರಿಕೆಯಿಂದ ಮಾತು ನಿಂತಿತೇ ಹೊರತು ಪ್ರಶ್ನೆಗೆ ಉತ್ತರ ದೊರೆಯಲಿಲ್ಲ. ‘ಲ್ಯಾನ್ಸೆಟ್’ ಓದುಗನಿಗೆ ತಪ್ಪು ಯಾವುದೆಂದು ತಿಳಿಯಿತು. ‘ಮಾರ್ಗ’ದ ಓದುಗನಿಗೆ ಭಯವೆಷ್ಟೆಂಬುದು ಮಾತ್ರ ತಿಳಿಯಿತು.

ಕಲಬುರ್ಗಿಯವರು ಸಂಶೋಧನೆಯನ್ನು ಬಿಡಲಿಲ್ಲ. ‘ಮಾರ್ಗ’ದ ನಾಲ್ಕನೆಯ ಸಂಪುಟಕ್ಕೆ 2006ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. 2015ರ ಆಗಸ್ಟ್ 30ರಂದು ಧಾರವಾಡದ ಸ್ವಗೃಹದಲ್ಲಿಯೇ ಅವರು ಹಂತಕರ ಗುಂಡಿಗೆ ಬಲಿಯಾದರು.

ಓಬಳಾಪುರದಂಥ ಗಡಿಯೂರಿನಲ್ಲಿ ಕನ್ನಡ ಕಲಿಸುವ ನಮಗೂ ಇದರಲ್ಲಿ ಪಾಠವಿದೆ. ಮಗುವಿನ ಲೆಕ್ಕ ತಪ್ಪಿದರೆ ನಾವು ಹಾಳೆಯನ್ನು ಹರಿಯುವುದಿಲ್ಲ. ತಪ್ಪಿದ ಹೆಜ್ಜೆಗೆ ಗೆರೆಯೆಳೆದು, ಕಾರಣ ತಿಳಿಸಿ, ಪಕ್ಕದಲ್ಲಿ ಸರಿಯಾದುದನ್ನು ಬರೆಯಿಸುತ್ತೇವೆ. ಬೆತ್ತ ತೋರಿದರೆ ಮಗು ಉತ್ತರವನ್ನು ಅಳಿಸೀತು, ಲೆಕ್ಕವನ್ನು ಕಲಿಯಲಾರದು.