ನೆಲ ಅಗೆಯುವ ಮುನ್ನ: ಸುರಂಗ ರಸ್ತೆಯೂ ಶ್ರಾವಕಧರ್ಮವೂ

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿದೆ. ಅವುಗಳಲ್ಲಿ ಪ್ರಮಾದಚರ್ಯೆ ಒಂದು. ಫಲವಿಲ್ಲದೆ ನೆಲವನ್ನು ಅಗೆಯುವುದು, ನೀರು, ಬೆಂಕಿ, ಗಾಳಿಗಳನ್ನು ಕದಡುವುದು, ಗಿಡಮರಗಳನ್ನು ಕಡಿಯುವುದು, ಸುಮ್ಮನೆ ಅಲೆಯುವುದು, ಅನ್ಯರನ್ನು ಅಲೆಯಿಸುವುದು ಇವೆಲ್ಲ ಅದರಲ್ಲಿ ಸೇರುತ್ತವೆ. ಇಲ್ಲಿ ಮುಖ್ಯವಾದುದು 'ಫಲವಿಲ್ಲದೆ' ಎಂಬ ಮಾತು. ಬಾವಿ ತೋಡಲು, ಮನೆ ಕಟ್ಟಲು, ಬಸದಿಗೆ ಅಡಿಪಾಯ ಹಾಕಲು ಗೃಹಸ್ಥನಿಗೆ ನಿಷೇಧವಿಲ್ಲ. ಪೃಥ್ವೀಕಾಯಿಕ, ವನಸ್ಪತಿಕಾಯಿಕ ಜೀವಗಳಿಗೆ ಆಗುವ ಹಾನಿಗೆ ತಕ್ಕ ಪ್ರಯೋಜನ ಉಂಟೇ ಎಂಬ ವಿವೇಚನೆ ಮಾತ್ರ ಅವನಿಂದ ಅಪೇಕ್ಷಿತ.

ಈ ವಿವೇಚನೆಯ ಬೆಲೆಯನ್ನು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿ ಚೆನ್ನಾಗಿ ಬಲ್ಲದು. ಆದಿಲಶಾಹಿ ಅರಸರ ಸಮಾಧಿಗಳಿರುವ ಈ ಊರಿನ ನೆಲದಡಿ ಯುರೇನಿಯಂ ಇದೆಯೆಂದು ಪರಮಾಣು ಖನಿಜ ಇಲಾಖೆಯವರು ಗುರುತಿಸಿದ ಮೇಲೆ ಗ್ರಾಮಸ್ಥರು ಕೇಳಿದ್ದು ಸರಳವಾದ ಪ್ರಶ್ನೆಗಳನ್ನು. ಅಗೆಯುವವರಾರು? ಫಲ ಯಾರಿಗೆ? ನೀರು ಕೆಟ್ಟರೆ, ಹೊಲ ಹೋದರೆ ಭರಿಸುವವರಾರು? ಇದೇ ಸೀಮೆಯಿಂದ ವರ್ಷವರ್ಷವೂ ಜನರು ಗುಳೆ ಹೊರಟು ಬೆಂಗಳೂರಿನ ಕಟ್ಟಡ, ರಸ್ತೆ ಕಾಮಗಾರಿಗಳಲ್ಲಿ ದುಡಿಯುತ್ತಾರೆ. ಆದುದರಿಂದ ರಾಜಧಾನಿಯ ನೆಲ ಅಗೆಯುವ ಯೋಜನೆ ಗೋಗಿಗೆ ದೂರದ ವಿಷಯವಲ್ಲ. ಗೋಗಿಯ ಪ್ರಶ್ನೆಗಳು ಆ ಯೋಜನೆಗೂ ಸಲ್ಲುತ್ತವೆ.

ಹೆಬ್ಬಾಳದಿಂದ ಸಿಲ್ಕ್ ಬೋರ್ಡ್ ವರೆಗೆ ಸುಮಾರು 17 ಕಿ.ಮೀ. ಉದ್ದದ ಜೋಡಿ ಸುರಂಗ ರಸ್ತೆ ನಿರ್ಮಿಸುವ ಆಲೋಚನೆಯನ್ನು 2023ರಿಂದೀಚೆಗೆ ರಾಜ್ಯ ಸರ್ಕಾರ ಮುಂದಿಟ್ಟಿದೆ. 2025ರ ವೇಳೆಗೆ ಅದರ ಅಂದಾಜು ವೆಚ್ಚ ಸುಮಾರು 17,700 ಕೋಟಿ ರೂಪಾಯಿ. ದಟ್ಟಣೆಯಲ್ಲಿ ಸಿಲುಕಿದ ಆಂಬುಲೆನ್ಸ್, ಬೀದಿಯಲ್ಲೇ ಕರಗುವ ದುಡಿಮೆಯ ಹೊತ್ತು, ಎಲ್ಲರೂ ಉಸಿರಾಡುವ ಹೊಗೆ ಇವು ಕೂಡ ಹಿಂಸೆಯೇ. ಆ ಹಿಂಸೆಯನ್ನು ಕಡಿಮೆ ಮಾಡಬೇಕೆಂಬ ಉದ್ದೇಶವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಉದ್ದೇಶ ಒಳ್ಳೆಯದಾದ ಮಾತ್ರಕ್ಕೆ ಉಪಾಯವೂ ಒಳ್ಳೆಯದಾಗುವುದಿಲ್ಲ.

ಮೊದಲನೆಯ ಆಕ್ಷೇಪ ಫಲಾನುಭವಿಗಳನ್ನು ಕುರಿತದ್ದು. ಬೆಂಗಳೂರಿನ ವಾಹನಗಳಲ್ಲಿ ಬಹುಪಾಲು ದ್ವಿಚಕ್ರ ವಾಹನಗಳು. ಯೋಜನಾ ವರದಿಯ ಪ್ರಕಾರ ಅವಕ್ಕೆ ಸುರಂಗದಲ್ಲಿ ಪ್ರವೇಶವಿಲ್ಲ. ಉಳಿದವರು ಸುಂಕ ತೆರಬೇಕು. ನಮ್ಮ ಮೆಟ್ರೊಗೂ ನೆಲ ಅಗೆದದ್ದುಂಟು. ಅಲ್ಲಿ ಕಾರಿಲ್ಲದವನೂ ಟಿಕೆಟು ಕೊಂಡು ಕುಳಿತುಕೊಳ್ಳಬಹುದು. ಸುರಂಗ ರಸ್ತೆಯಲ್ಲಿ ಹಾದುಹೋಗಲು ಮೊದಲು ಕಾರಿರಬೇಕು. ಗುಳೆ ಬಂದ ಕೂಲಿಕಾರ ಅಂತಹ ಸುರಂಗವನ್ನು ಕೊರೆಯಬಹುದು, ಅದರಲ್ಲಿ ಸಂಚರಿಸಲಾರ. ಮೇಲಾಗಿ, ರಸ್ತೆ ಹಿಗ್ಗಿದಷ್ಟೂ ವಾಹನ ಹೆಚ್ಚುವುದು ಅನೇಕ ದೇಶಗಳ ನಗರಗಳು ಕಂಡ ಸತ್ಯ. ಲಾಭವಾದಂತೆ ಲೋಭ ಬೆಳೆಯುವ ಪರಿಯೇ ಇದು. ಆಚಾರ್ಯರು 'ಅನ್ಯರನ್ನು ಅಲೆಯಿಸುವುದು' ಎಂದು ಬೇರೆಯಾಗಿಯೇ ಹೆಸರಿಸಿದ ದೋಷ ಇಲ್ಲಿ ನೆನಪಾಗುತ್ತದೆ.

ಎರಡನೆಯದು ಹಸಿರನ್ನು ಕುರಿತದ್ದು. 1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗ್ ಇಂದು 240 ಎಕರೆಯ ತೋಟ. ಅಲ್ಲಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸುರಂಗಕ್ಕಾಗಿ ಆ ತೋಟದ ಜಾಗವನ್ನೂ ಬಳಸುವ ಪ್ರಸ್ತಾಪ 2025ರಲ್ಲಿ ತೀವ್ರ ವಿರೋಧಕ್ಕೆ ಗುರಿಯಾಯಿತು. ಬೇರೆ ಸ್ಥಳ ನೋಡುವ ಮಾತು ಆಮೇಲೆ ಸರ್ಕಾರದ ಕಡೆಯಿಂದಲೇ ಬಂತು. ಸುರಂಗದಿಂದ ಉದ್ಯಾನ ದೊರೆತ ಉದಾಹರಣೆ ಇಲ್ಲದಿಲ್ಲ. ಅಮೆರಿಕದ ಬೋಸ್ಟನ್ ನಗರದಲ್ಲಿ ಎತ್ತರಿಸಿದ ಹೆದ್ದಾರಿಯನ್ನು ಕೆಡವಿ ನೆಲದಡಿಗೆ ಇಳಿಸಿದರು; ತೆರವಾದ ಜಾಗದಲ್ಲಿ ಸಾರ್ವಜನಿಕ ಉದ್ಯಾನಗಳಾದವು. ಆದರೆ 1991ರಲ್ಲಿ ತೊಡಗಿದ ಕಾಮಗಾರಿ 2007ರವರೆಗೆ ನಡೆಯಿತು. 280 ಕೋಟಿ ಡಾಲರಿನ ಮೊದಲ ಅಂದಾಜು 1,400 ಕೋಟಿಯನ್ನು ದಾಟಿತು. 2006ರಲ್ಲಿ ಚಾವಣಿಯ ಹಲಗೆಗಳು ಬಿದ್ದು ಮಹಿಳೆಯೊಬ್ಬರು ಮೃತರಾದರು. ಅಷ್ಟು ಬೆಲೆ ತೆತ್ತಾದರೂ ಅಲ್ಲಿ ರಸ್ತೆ ತೋಟಕ್ಕೆ ಜಾಗ ಬಿಟ್ಟಿತು. ಬೆಂಗಳೂರಿನ ಪ್ರಸ್ತಾಪದಲ್ಲಿ ರಸ್ತೆಯೇ ತೋಟದ ಜಾಗ ಕೇಳಿತು. ದಕ್ಷಿಣ ಕೊರಿಯದ ಸೋಲ್ ನಗರವಾದರೋ 2003ರಿಂದ 2005ರೊಳಗೆ ಮೇಲ್ಸೇತುವೆಯೊಂದನ್ನು ತೆಗೆದುಹಾಕಿ, ಅದರಡಿ ಹೂತುಹೋಗಿದ್ದ ತೊರೆಯನ್ನು ಮರಳಿ ಹರಿಸಿತು. ಬಸ್ಸಿನ ವ್ಯವಸ್ಥೆಯನ್ನು ಸುಧಾರಿಸಿತು.

'ಕಡಿದ ಮರಕ್ಕೆ ಬದಲಾಗಿ ಬೇರೆಡೆ ಗಿಡ ನೆಡುತ್ತೇವೆ' ಎಂಬ ಸಮಾಧಾನವನ್ನೂ ಪರೀಕ್ಷಿಸಬೇಕು. ಪ್ರಾಯಶ್ಚಿತ್ತವೆಂಬುದು ಸಂಭವಿಸಿದ ದೋಷಕ್ಕೆ ಪಶ್ಚಾತ್ತಾಪದಿಂದ ಮಾಡುವಂಥದ್ದು. ದೋಷವನ್ನೂ ಪ್ರಾಯಶ್ಚಿತ್ತವನ್ನೂ ಒಂದೇ ಅಂದಾಜು ಪಟ್ಟಿಯಲ್ಲಿ ಬರೆದಿಟ್ಟರೆ ಅದು ಲೆಕ್ಕಾಚಾರವಾದೀತು, ಧರ್ಮವಾಗದು.

ಪ್ರಶ್ನಿಸುವುದು ವ್ಯರ್ಥವೆಂದು ತಿಳಿಯಬೇಕಾಗಿಲ್ಲ. 812 ಮರಗಳನ್ನು ಬಲಿ ಕೇಳಿದ್ದ ಬೆಂಗಳೂರಿನ ಉಕ್ಕಿನ ಮೇಲ್ಸೇತುವೆಯ ವಿರುದ್ಧ 2016ರಲ್ಲಿ ನಾಗರಿಕರು ಕೈ ಕೈ ಹಿಡಿದು ಬೀದಿಯಲ್ಲಿ ನಿಂತರು; 2017ರಲ್ಲಿ ಆ ಯೋಜನೆ ಕೈಬಿಟ್ಟಿತು. ಜೈನ ಸಮಾಜದಲ್ಲಿ ಇಂಜಿನಿಯರರು, ಗುತ್ತಿಗೆದಾರರು, ಉದ್ಯಮಿಗಳು ಇದ್ದಾರೆ. ಬಸದಿಗಳ ಟ್ರಸ್ಟುಗಳಿಗೆ ಭೂಮಿಯಿದೆ, ಮಾತಿಗೆ ಮನ್ನಣೆಯಿದೆ. ಕ್ಷೇತ್ರದ ಬೆಟ್ಟಕ್ಕೆ ರಸ್ತೆ ಕಡಿಯುವಾಗ, ವಾಹನ ನಿಲ್ದಾಣಕ್ಕೆ ಬಂಡೆ ಒಡೆಯುವಾಗ ಟ್ರಸ್ಟುಗಳು ಇದೇ ವಿವೇಚನೆಯನ್ನು ಮೊದಲು ತಮಗೆ ಅನ್ವಯಿಸಿಕೊಳ್ಳಲಿ. ತನ್ನ ಅಂಗಳದಲ್ಲಿ ಪಾಲಿಸಿದ ವ್ರತಕ್ಕೆ ಸರ್ಕಾರದ ಮುಂದೆ ಮಾತನಾಡುವ ಬಲ ಬರುತ್ತದೆ. ಅಗೆಯುವುದೇ ಅನಿವಾರ್ಯವಾದಲ್ಲಿ ಅತ್ಯಲ್ಪವಾಗಿ, ಅತ್ಯಧಿಕ ಜನರ ಹಿತಕ್ಕಾಗಿ ಅಗೆಯುವುದು ಶ್ರಾವಕಧರ್ಮ.